ಎಂಸಿಪಿ ಸರ್ವರ್: ಏಜೆಂಟ್ ತಪ್ಪು ಟೂಲ್ ಕರೆಯುತ್ತಿದೆ, ದಿನಾಂಕವನ್ನೂ ತಿರುಚುತ್ತಿದೆ

ಕಪಾಟಿನ_ಕಾವಲು:
ನಮ್ಮೂರ ಓದುಗರ ಬಳಗದ ಪುಸ್ತಕ ಎರವಲಿನ ಲೆಕ್ಕಕ್ಕೆ ಪೈಥಾನ್‌ನಲ್ಲಿ ಒಂದು ಎಂಸಿಪಿ ಸರ್ವರ್ ಬರೆದಿದ್ದೇನೆ (ಎಂಸಿಪಿ ಎಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಎಐ ಮಾಡೆಲ್ಲಿಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ವಿಧಾನ). ಟರ್ಮಿನಲ್‌ನಲ್ಲಿ ನಾನೇ ಓಡಿಸಿದರೆ ಎಲ್ಲವೂ ಸರಿ. ಏಜೆಂಟ್ ಕೈಗೆ, ಅಂದರೆ ಟೂಲ್‌ಗಳನ್ನು ತಾನೇ ಆರಿಸಿ ಕರೆಯುವ ಎಐ ಕೈಗೆ, ಕೊಟ್ಟ ಕೂಡಲೇ ಎಡವಟ್ಟು. "ಈ ವಾರ ಯಾವ ಪುಸ್ತಕಗಳು ವಾಪಸು ಬರಬೇಕು?" ಎಂದರೆ "ಈ ವಾರ" ಎಂಬ ಹೆಸರಿನ ಪುಸ್ತಕ ಹುಡುಕಲು ಹೋಗುತ್ತದೆ. ಏಪ್ರಿಲ್ 3ರ ಪಟ್ಟಿ ಕೇಳಿದರೆ ಮಾರ್ಚ್ 4ರದ್ದನ್ನು ಮುಂದಿಡುತ್ತದೆ. ಕೋಡ್‌ನಲ್ಲಿ ದೋಷವಿಲ್ಲ, ಪರೀಕ್ಷೆಗಳೆಲ್ಲ ಪಾಸಾಗಿವೆ. ತಲೆ ಕೆಟ್ಟುಹೋಗಿದೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ತುಂಗಾತೀರ:
ಯಾವ ಮಾಡೆಲ್ ಎಂದೇ ಹೇಳಿಲ್ಲವಲ್ಲ. ಸ್ವಂತ ಯಂತ್ರದಲ್ಲಿ ಓಡುವ ಚಿಕ್ಕ ಮಾಡೆಲ್ ಇರಬೇಕು. ಟೂಲ್ ಆರಿಸುವುದರಲ್ಲಿ ಅವು ದುರ್ಬಲ. ಉತ್ತರ ಸಲದಿಂದ ಸಲಕ್ಕೆ ಎಷ್ಟು ಬದಲಾಗಬಹುದು ಎಂಬುದನ್ನು ನಿರ್ಧರಿಸುವ ಟೆಂಪರೇಚರ್ ಅನ್ನು ಸೊನ್ನೆಗೆ ಇಳಿಸಿ.

ಕಪಾಟಿನ_ಕಾವಲು:
ಇಳಿಸಿದೆ. ಮೊದಲು ಆಗಾಗ ಆಗುತ್ತಿದ್ದ ತಪ್ಪು ಈಗ ಪ್ರತಿ ಸಲವೂ ಆಗುತ್ತಿದೆ.

ತುಂಗಾತೀರ:
ಹಾಗಾದರೆ ಕಾಂಟೆಕ್ಸ್ಟ್ (ಮಾಡೆಲ್ ಒಮ್ಮೆಗೆ ಓದಬಲ್ಲ ಪಠ್ಯದ ಮಿತಿ) ಸಾಲುತ್ತಿಲ್ಲ, ಟೂಲ್‌ಗಳ ವಿವರ ಮಧ್ಯದಲ್ಲೇ ತುಂಡಾಗುತ್ತಿದೆ. 32,000 ಟೋಕನ್‌ಗೆ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕುಗಳು) ಏರಿಸಿ. ನನ್ನ ಬಳಿ 24 ಜಿಬಿಯ 3090 ಗ್ರಾಫಿಕ್ಸ್ ಕಾರ್ಡ್‌ಗಳು ಎರಡಿವೆ. 70 ಬಿಲಿಯನ್ ಪ್ಯಾರಾಮೀಟರ್‌ಗಳ ಮಾಡೆಲ್ಲನ್ನು 4 ಬಿಟ್‌ಗೆ ಕುಗ್ಗಿಸಿ ಓಡಿಸುತ್ತೇನೆ, ಇಂಥ ತೊಂದರೆ ಒಮ್ಮೆಯೂ ಬಂದಿಲ್ಲ.

ಹಳೇ_ಕೀಲಿಮಣೆ:
ಕಾರ್ಡ್ ವಿಷಯ ಆಮೇಲೆ ನೋಡೋಣ. ಯಾವ ಟೂಲ್‌ಗಳಿವೆ ಎಂದು ಕೇಳುವ "ಟೂಲ್ಸ್/ಲಿಸ್ಟ್" ಕರೆಗೆ ನಿಮ್ಮ ಸರ್ವರ್ ಕೊಡುವ ಉತ್ತರವನ್ನು ಇಲ್ಲಿ ಹಾಕಿ. ಏಜೆಂಟ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಟೂಲ್‌ಗೆ ಏನೇನು, ಯಾವ ರೂಪದಲ್ಲಿ ಕೊಡಬೇಕೆಂಬ ವಿವರ), ಇವುಗಳನ್ನು ನೋಡಿಯೇ ಅದು ನಿರ್ಧರಿಸಬೇಕು.

ಕಪಾಟಿನ_ಕಾವಲು:
ಟೂಲ್ ಎರಡೇ. "ಸರ್ಚ್", ವಿವರಣೆ "ಪುಸ್ತಕ ಹುಡುಕುತ್ತದೆ". "ಗೆಟ್_ಲಿಸ್ಟ್", ವಿವರಣೆ "ಪಟ್ಟಿ ಕೊಡುತ್ತದೆ", ಅದಕ್ಕೆ "ಡಿ" ಎಂಬ ಒಂದು ಸ್ಟ್ರಿಂಗ್ (ಪಠ್ಯ ರೂಪದ ಇನ್‌ಪುಟ್), ದಿನಾಂಕಕ್ಕಾಗಿ. ಉಳಿದದ್ದೆಲ್ಲ ರೀಡ್‌ಮೀ ಕಡತದಲ್ಲಿ ವಿವರವಾಗಿದೆ.

ಹಳೇ_ಕೀಲಿಮಣೆ:
ಆ ಕಡತ ಮಾಡೆಲ್‌ನ ಮುಂದೆ ಬರುವುದೇ ಇಲ್ಲ ಸರ್. "ಪಟ್ಟಿ ಕೊಡುತ್ತದೆ" ಎಂದರೆ ಯಾವ ಪಟ್ಟಿ? ಹೊಸ ಪುಸ್ತಕಗಳದ್ದೇ, ಸದಸ್ಯರದ್ದೇ? ಹೆಸರನ್ನು "ಲಿಸ್ಟ್_ಡ್ಯೂ_ಲೋನ್ಸ್" ಎಂದು ಬದಲಿಸಿ. ವಿವರಣೆಯಲ್ಲಿ ಹೀಗೆ ಬರೆಯಿರಿ: "ನಿಗದಿತ ದಿನಗಳ ನಡುವೆ ಹಿಂತಿರುಗಬೇಕಾದ ಎರವಲು ಪುಸ್ತಕಗಳ ಪಟ್ಟಿ. ಪುಸ್ತಕದ ಹೆಸರಿನಿಂದ ಹುಡುಕಲು ಇದನ್ನು ಬಳಸಬೇಡಿ, ಅದಕ್ಕೆ ಸರ್ಚ್ ಇದೆ." ಯಾವಾಗ ಬಳಸಬಾರದು ಎಂಬ ಸಾಲನ್ನು ಬಹಳ ಜನ ಬಿಡುತ್ತಾರೆ, ಗೊಂದಲ ಬಹುಪಾಲು ತಗ್ಗುವುದು ಅದರಿಂದಲೇ.

ದಿನಾಂಕದ್ದೂ ಇದೇ ಕಥೆ. ಮಾಡೆಲ್ 04/03/2025 ಎಂದು ತಿಂಗಳು ಮೊದಲು ಬರುವ ಅಮೆರಿಕದ ಕ್ರಮದಲ್ಲಿ ಕಳುಹಿಸುತ್ತಿದೆ, ನಿಮ್ಮ ಕೋಡ್ ಅದನ್ನು ನಮ್ಮ ಕ್ರಮದಲ್ಲಿ ಓದುತ್ತಿದೆ. "ಡಿ" ತೆಗೆದು "ಫ್ರಮ್_ಡೇಟ್", "ಟು_ಡೇಟ್" ಇಡಿ. ಐಎಸ್‌ಒ 8601 ರೂಪ ಬೇಕೆಂದು ಹೇಳಿ, 2025-04-03 ಎಂಬ ಉದಾಹರಣೆಯನ್ನು ವಿವರಣೆಯಲ್ಲೇ ಕೊಡಿ. ಬೇರೆ ರೂಪದಲ್ಲಿ ಬಂದರೆ ಊಹಿಸಿ ಮುಂದುವರಿಯಬೇಡಿ. "ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲಿರಲಿ" ಎಂಬ ದೋಷ ಸಂದೇಶ ಕಳುಹಿಸಿ. ಏಜೆಂಟ್ ಅದನ್ನು ಓದಿ ತಾನೇ ತಿದ್ದಿಕೊಂಡು ಮತ್ತೆ ಕರೆಯುತ್ತದೆ.

ಅಕ್ಷರಪ್ರೇಮಿ:
ವಿವರಣೆಯನ್ನು ಇಂಗ್ಲಿಷ್‌ನಲ್ಲಿ ಬರೆಯುವುದೇ ಒಳ್ಳೆಯದು. ಕನ್ನಡ ಲಿಪಿ ಹೆಚ್ಚು ಟೋಕನ್ ತಿನ್ನುತ್ತದೆ.

ಗಿರಿಜಾ_ಕೋಡ್:
ನಾಲ್ಕು ಸಾಲಿಗೆ ಟೋಕನ್ ಲೆಕ್ಕ ಏಕೆ? ಪ್ರಶ್ನೆ ಕನ್ನಡದಲ್ಲಿದೆ, ಪುಸ್ತಕಗಳ ಹೆಸರೂ ಕನ್ನಡದಲ್ಲಿದೆ. ಸರ್ವರ್ ನೋಡಿಕೊಳ್ಳುವವರಿಗೆ ಸಲೀಸಾಗಿ ತಿದ್ದಲು ಬರುವ ಭಾಷೆಯಲ್ಲೇ ವಿವರಣೆ ಇರಲಿ.

ಅಕ್ಷರಪ್ರೇಮಿ:
ಪ್ರತಿ ಸಂಭಾಷಣೆಗೂ ಆ ನಾಲ್ಕು ಸಾಲು ಸೇರುತ್ತವೆ ಮೇಡಂ. ಟೂಲ್‌ಗಳು ನಲವತ್ತಾದಾಗ ಗೊತ್ತಾಗುತ್ತದೆ.

ಗಿರಿಜಾ_ಕೋಡ್:
ಅವರಲ್ಲಿರುವುದು ಎರಡು. ಅದಕ್ಕಿಂತ ಯೂನಿಕೋಡ್ ಕಡೆ ಗಮನ ಕೊಡಿ. "ಕೊಡಗು" ಪದದ ಒತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊಕಾರಗಳ ಜೋಡಿಯಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಹೋಲಿಕೆಯಲ್ಲಿ ಬೇರೆ. ದತ್ತಾಂಶವನ್ನೂ ಹುಡುಕುವ ಪದವನ್ನೂ ಇಂಥ ಜೋಡಿಯನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ.

ತುಂಗಾತೀರ:
ಕಾಂಟೆಕ್ಸ್ಟ್ ಏರಿಸಿದರೆ ಇದಾವುದೂ ಬೇಕಾಗುವುದಿಲ್ಲ ಎಂಬುದೇ ಈಗಲೂ ನನ್ನ ಅಭಿಪ್ರಾಯ.

ಕಪಾಟಿನ_ಕಾವಲು:
ಕಾಂಟೆಕ್ಸ್ಟ್, ಮಾಡೆಲ್ ಎರಡನ್ನೂ ಮುಟ್ಟಲಿಲ್ಲ. ಹೆಸರು, ವಿವರಣೆ ಬದಲಿಸಿದೆ. ಈಗ ಸರಿಯಾದ ಟೂಲ್ ಕರೆಯುತ್ತಿದೆ, ದಿನಾಂಕವೂ ಸರಿ. ಕೀಲಿಮಣೆ ಅವರಿಗೆ ಮನಸಾರೆ ಧನ್ಯವಾದ. ಆದರೆ ಹೊಸ ಕಾಟ ಶುರುವಾಗಿದೆ. ಆ ವಾರ ಯಾವ ಪುಸ್ತಕವೂ ಬರಬೇಕಿಲ್ಲದಿದ್ದರೆ ನಮ್ಮಲ್ಲಿ ಇಲ್ಲದ ಪುಸ್ತಕಗಳ ಹೆಸರು ಹೇಳುತ್ತದೆ!

ಹಳೇ_ಕೀಲಿಮಣೆ:
ಬರಿದಾದ ಪಟ್ಟಿ ಕಳುಹಿಸುತ್ತಿದ್ದೀರಿ ಅನ್ನಿಸುತ್ತದೆ. ಅದರ ಬದಲು "2025-04-07ರಿಂದ 2025-04-13ರವರೆಗೆ ಹಿಂತಿರುಗಬೇಕಾದ ಪುಸ್ತಕ ಒಂದೂ ಇಲ್ಲ, ಹುಡುಕಾಟ ಪೂರ್ಣಗೊಂಡಿದೆ" ಎಂಬ ವಾಕ್ಯವನ್ನೇ ಕಳುಹಿಸಿ. ಟೂಲ್ ಕೊಡುವ ಉತ್ತರವೂ ಏಜೆಂಟ್ ಓದುವ ದಾಖಲೆಯೇ.

ಮಲೆನಾಡ_ಮೋಡ:
ಇಲ್ಲೇ ಕೇಳಿಬಿಡುತ್ತೇನೆ. ನನ್ನ ಸರ್ವರ್‌ನಲ್ಲಿ ದಾಖಲೆ ಅಳಿಸುವ ಟೂಲ್ ಇದೆ. ಟೂಲ್ ದತ್ತಾಂಶವನ್ನು ಅಳಿಸಬಹುದು ಎಂದು ತಿಳಿಸುವ "ಡಿಸ್ಟ್ರಕ್ಟಿವ್‌ಹಿಂಟ್" ಗುರುತು ಹಾಕಿದರೆ ಏಜೆಂಟ್ ಕೇಳದೆ ಅಳಿಸುವುದಿಲ್ಲವೇ?

ಹಳೇ_ಕೀಲಿಮಣೆ:
ಅದು ಸುಳಿವು ಮಾತ್ರ, ತಡೆಯಲ್ಲ. ಕ್ಲೈಂಟ್ (ಏಜೆಂಟನ್ನು ಸರ್ವರ್‌ಗೆ ಜೋಡಿಸುವ ತಂತ್ರಾಂಶ) ಅದನ್ನು ಗಮನಿಸಲೇಬೇಕೆಂದಿಲ್ಲ. ಅಳಿಸುವ ಅನುಮತಿಯನ್ನು ಸರ್ವರ್‌ನ ಒಳಗೇ ಪರೀಕ್ಷಿಸಿ. ನಿಮ್ಮ ಸ್ಕೀಮಾ ಹಾಕಿ, ನೋಡುತ್ತೇನೆ.