ಯಾರಿಗೂ ಗೊತ್ತಿಲ್ಲದ ಐದು ಜಾಗ

ಗುಂಡ ಬಂದವನೇ ಮೊಬೈಲನ್ನು ಕಾಫಿ ಲೋಟಕ್ಕೆ ಒರಗಿಸಿ ನಿಲ್ಲಿಸಿದ.

"ನೋಡಿ ನಾಣಿ ಮಾಮ. 'ಬೆಂಗಳೂರಲ್ಲಿ ಯಾರಿಗೂ ಗೊತ್ತಿಲ್ಲದ ಐದು ಜಾಗ'. ನಾಲ್ಕು ಲಕ್ಷ ಜನ ನೋಡಿದಾರೆ ಈ ರೀಲನ್ನ!"

"ನಾಲ್ಕು ಲಕ್ಷ ಜನಕ್ಕೆ ತೋರಿಸಿದ ಮೇಲಾದ್ರೂ ಹೆಸರು ಬದಲಾಯಿಸಬೇಕಿತ್ತು. ಇರಲಿ, ಒಂದನೇದು ಯಾವುದು?"

"ಗವಿ ಗಂಗಾಧರೇಶ್ವರ. ಹಿಡನ್ ಜೆಮ್ ಅಂತೆ!"

ಪದ್ದಕ್ಕನಿಗೆ ಕಾಫಿ ನೆತ್ತಿಗೇರಿತು. "ಸಂಕ್ರಾಂತಿ ದಿನ ಹೋಗಿ ನೋಡೋ ಒಂದ್ಸಲ. ಸಂಜೆ ಬಿಸಿಲು ನಂದಿ ಕೊಂಬಿನ ಮಧ್ಯೆ ಹಾದು ಲಿಂಗದ ಮೇಲೆ ಬೀಳತ್ತೆ. ಆ ನೂಕುನುಗ್ಗಲಲ್ಲಿ ನಾನು ಲಿಂಗವನ್ನೂ ಕಾಣಲಿಲ್ಲ, ಬಿಸಿಲನ್ನೂ ಕಾಣಲಿಲ್ಲ. ಮುಂದೆ ನಿಂತಿದ್ದವನ ಬೆನ್ನು ಕಂಡೆ."

"ಯಾರಿಗೂ ಗೊತ್ತಿಲ್ಲ ಅಂದ್ರೆ," ನಾಣಿ ಬಿಡಲಿಲ್ಲ, "ಅರ್ಚಕರಿಗೂ ಗೊತ್ತಿಲ್ವಾ? ಬಾಗಿಲಲ್ಲಿ ಚಪ್ಪಲಿ ಕಾಯೋ ಅಜ್ಜಿಗೂ? ಪಾಪ, ಇಷ್ಟು ವರ್ಷ ಯಾರ ಚಪ್ಪಲಿ ಕಾಯ್ತಿದ್ಳು ಆಕೆ?"

"ಹಾಗಲ್ಲ ಮಾಮ..."

"ಹೀಗೇ ಕಣೋ. ಈ ರೀಲ್ ಮಾಡಿದೋನಿಗೆ ನಿನ್ನೆವರೆಗೆ ಗೊತ್ತಿರಲಿಲ್ಲ ಅಂದ್ರೆ ಊರೆಲ್ಲ ಸೇರಿ ಬಚ್ಚಿಟ್ಟಿದ್ರು ಅಂತ ಅರ್ಥವಾ? ಎರಡನೇದು ಹೇಳು."

"ಲಾಲ್‌ಬಾಗ್ ಬಂಡೆ."

"ಭಲೇ! ಮೇಷ್ಟ್ರೇ, ಆ ಬಂಡೆಗೆ ಎಷ್ಟು ವಯಸ್ಸು?"

"ಸುಮಾರು 300 ಕೋಟಿ ವರ್ಷ ಅಂತಾರಪ್ಪ ಭೂವಿಜ್ಞಾನದವರು," ಅಂದರು ಮೇಷ್ಟ್ರು. "ಪಕ್ಕದಲ್ಲಿ ಬೋರ್ಡೂ ಹಾಕಿದಾರೆ."

"300 ಕೋಟಿ ವರ್ಷದಿಂದ ಬಟಾಬಯಲಲ್ಲಿ ಕೂತಿದೆ. ಅಡಗಿಕೊಳ್ಳೋಣ ಅಂದ್ರೆ ಒಂದು ಪೊದೆ ಇಲ್ಲ ಅದರ ಮೇಲೆ. ಇನ್ನೇನು ಮಾಡ್ಬೇಕಿತ್ತು, ಎದ್ದು ನಿಂತು ಕೈ ಬೀಸಬೇಕಿತ್ತಾ?"

ಬಂಡೆ ಅಂದ ಕೂಡಲೇ ಮೇಷ್ಟ್ರ ಮನಸ್ಸು ಅದರ ನೆತ್ತಿಯ ಮೇಲಿನ ಗೋಪುರಕ್ಕೆ ಹತ್ತಿಬಿಟ್ಟಿತು. ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಅದೊಂದು. ಮಿಕ್ಕವು ಹಲಸೂರು ಕೆರೆ ಹತ್ತಿರ, ಕೆಂಪಾಂಬುಧಿ ಕೆರೆ ಹತ್ತಿರ, ಮೇಖ್ರಿ ಸರ್ಕಲ್ ಹತ್ತಿರ. ನಾಲ್ಕನ್ನೂ ಒಂದೇ ದಿನದಲ್ಲಿ ಸೈಕಲ್ ಮೇಲೆ ಸುತ್ತಿದ್ದರಂತೆ ಮೇಷ್ಟ್ರು, ಮದುವೆಗೆ ಮುಂಚೆ.

"ಊರು ಈ ಗೋಪುರಗಳ ತನಕ ಬೆಳೆಯತ್ತೆ ಅಂತ ಹೇಳಿದ್ರಂತೆ ಆಗ," ಅಂದರು.

"ಈಗ ಮೇಖ್ರಿ ಸರ್ಕಲ್ಲಿಂದ ಹೊರಟರೆ ಊರು ಮುಗಿಯೋಕೆ ಒಂದೂವರೆ ಗಂಟೆ ಬೇಕು," ಅಂದ ನಾಣಿ. "ಮಳೆ ಬಂದ್ರೆ ಮುಗಿಯೋದೇ ಇಲ್ಲ."

"ಮೂರನೇದು ಚೆನ್ನಾಗಿದೆ ಕೇಳಿ," ಗುಂಡ ಅವಸರ ಮಾಡಿದ. "ಬೇಗೂರಿನ ವೀರಗಲ್ಲು."

ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ನೆಟ್ಟಗೆ ಕೂತರು. "ಅದನ್ನ ನೋಡೋಕೆ ಹೋಗಲೇಬೇಕು ಕಣಯ್ಯ. ನಾಗೇಶ್ವರ ದೇವಸ್ಥಾನದಲ್ಲಿದೆ. ಗಂಗರ ಕಾಲದ್ದು, ಸುಮಾರು 890ನೇ ಇಸವಿ. 'ಬೆಂಗಳೂರ ಕಾಳಗ'ದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಅಂತ ಬರೆದಿದೆ."

"ಹಾಗಾದ್ರೆ ಬೆಂದಕಾಳೂರು? ವೀರಬಲ್ಲಾಳ, ಮುದುಕಿ, ಬೆಂದ ಕಾಳು?"

"ಮುದುಕಿ ಒಲೆ ಹಚ್ಚೋಕೆ 300 ವರ್ಷ ಮೊದಲೇ ಊರಿಗೆ ಹೆಸರಿತ್ತು ಕಣೋ," ಅಂದ ನಾಣಿ. "ನೋಡು, ಬೆಂಗಳೂರಿನ ಹೆಸರು ಕಲ್ಲಿನ ಮೇಲೆ ಬಂದಿದ್ದೇ ಒಂದು ಜಗಳದಿಂದ. ಪಾರ್ಕಿಂಗಿಗೇ ಇರಬೇಕು."

ಅಷ್ಟರಲ್ಲಿ ಹುಡುಗ ಬಂದು ಖಾರಾಬಾತ್ ಖಾಲಿ ಅಂದ. ಎಂಟು ಗಂಟೆಗೇ! ಹೊರಗೆ ಫುಟ್‌ಪಾತಿನ ತನಕ ಸಾಲು. ಸಾಲಿನಲ್ಲಿದ್ದವರೆಲ್ಲ ತಟ್ಟೆಯನ್ನು ಮೇಲೆತ್ತಿ ಫೋಟೋ ತೆಗೆಯುತ್ತಿದ್ದರು. ಗುಂಡ ಮೊಬೈಲನ್ನು ಮೆಲ್ಲಗೆ ಜೇಬಿಗೆ ಸೇರಿಸಲು ನೋಡಿದ.

"ನಾಲ್ಕನೇದು ಯಾವುದೋ?" ಪದ್ದಕ್ಕನ ದನಿ ಗಡುಸಾಗಿತ್ತು.

"ಇದೇ ಹೋಟ್ಲು ಪದ್ದಕ್ಕ."

ನಾಣಿ ಲೋಟ ಕೆಳಗಿಟ್ಟ. ಗವಿ ಹೋಗಲಿ, ಬಂಡೆ ಹೋಗಲಿ, ಇದು ಹೊಟ್ಟೆಯ ವಿಷಯ. "ಮೂವತ್ತು ವರ್ಷದಿಂದ ಇದೇ ಟೇಬಲ್ಲಿಗೆ ಮೊಣಕೈ ಊರಿ ತಿಂದಿದೀನಿ. ಕದ್ದು ತಿಂದ್ನಾ ನಾನು? ಮುಸುಕು ಹಾಕ್ಕೊಂಡು ಬರ್ತಿದ್ನಾ?"

"ಐದನೇದು ಬೇಡ ಬಿಡಿ ಮಾಮ."

"ಐದನೇದು ನಾನು ಹೇಳ್ತೀನಿ, ಬರ್ಕೋ. ನಿಜವಾಗಿ ಅಡಗಿರೋದು. ಧರ್ಮಾಂಬುಧಿ ಕೆರೆ."

"ಎಲ್ಲಿ ಬರತ್ತೆ ಅದು?"

"ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಕೆಳಗೆ."

ಗುಂಡ ನಕ್ಕ. ಮಿಕ್ಕವರು ನಗದಿದ್ದುದು ನೋಡಿ ನಿಲ್ಲಿಸಿದ.

"ಸಂಪಂಗಿ ಕೆರೇನೂ ಹಾಕ್ಕೋ," ಅಂದರು ಮೇಷ್ಟ್ರು. "ಕಂಠೀರವ ಸ್ಟೇಡಿಯಂ ಎದ್ದಿರೋದು ಅದರ ಅಂಗಳದಲ್ಲೇ. ಮೂಲೇಲಿ ಒಂದು ಸಣ್ಣ ಕೊಳ ಉಳಿದಿದೆ. ಕರಗದ ಪೂಜೆಗೆ ಈಗಲೂ ಅಲ್ಲಿಗೇ ಹೋಗ್ತಾರೆ. ಕರಗಕ್ಕೆ ನೆನಪಿದೆ, ನಮಗಿಲ್ಲ."

"ನಮ್ಮಮ್ಮ ಮದುವೆಯಾಗಿ ಈ ಊರಿಗೆ ಬಂದಾಗ ಅವಳ ಅತ್ತೆ ಹೇಳಿದ್ರಂತೆ," ಪದ್ದಕ್ಕ ಸೆರಗಿನ ತುದಿ ಸುತ್ತುತ್ತಾ ಅಂದಳು, "ದಾರಿ ತಪ್ಪಿದ್ರೆ ಗಾಬರಿಯಾಗಬೇಡ, ಯಾವುದಾದ್ರೂ ಕೆರೆ ಸಿಗತ್ತೆ, ಅದರ ಏರಿ ಹಿಡಿದು ಬಂದುಬಿಡು ಅಂತ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಸಾಕ್ಷಿ ಬೇಕಾ?" ನಾಣಿಯೇ ಕೊನೆಗೆ ಅಂದ. "ಮೆಜೆಸ್ಟಿಕ್ ಹತ್ತಿರ ಟ್ಯಾಂಕ್ ಬಂಡ್ ರೋಡ್ ಇದೆಯಲ್ಲ? ಅಂದ್ರೆ ಕೆರೆ ಏರಿ ರಸ್ತೆ. ಏರಿ ಇದೆ, ಕೆರೆ ಇಲ್ಲ. ಹೋಗಿ ಕೆರೆ ಎಲ್ಲಿ ಅಂತ ಹತ್ತು ಜನರನ್ನ ಕೇಳು. ಅದನ್ನ ರೀಲ್ ಮಾಡು. ಯಾರಿಗೂ ಗೊತ್ತಿಲ್ಲದ ಜಾಗ ಅಂದ್ರೆ ಅದು."

ಮುಂದಿನ ಭಾನುವಾರ ಗುಂಡ ಜೋಲುಮೋರೆ ಹಾಕಿಕೊಂಡು ಬಂದ.

"ಹೋಗಿದ್ದೆ ಮಾಮ. ನಾಲ್ಕು ಜನ 'ಮುಂದೆ ಹೋಗಿ ಎಡಕ್ಕೆ ತಿರುಗಿ' ಅಂದ್ರು."

"ಬೆಂಗಳೂರಿನವರೇ. ಗೊತ್ತಿಲ್ಲ ಅನ್ನೋ ಮಾತು ಬಾಯಲ್ಲಿ ಬರಲ್ಲ."

"ಐದು ಜನ 'ಹಿಂದಿ ಮೇ ಬೋಲೋ' ಅಂದ್ರು. ಕೊನೆಗೆ ಒಬ್ಬ ಅಂಗಡಿಯೋನನ್ನ, ಟ್ಯಾಂಕ್ ಎಲ್ಲಿದೆ ಸಾರ್ ಅಂತ ಕೇಳ್ದೆ. ಟ್ಯಾಂಕರ್ ಬೇಕಾ, ನಂಬರ್ ಕೊಡ್ತೀನಿ ತಗೋ ಅಂದ."

"ರೀಲ್ ಎಷ್ಟು ಜನ ನೋಡಿದ್ರೋ?" ಮೇಷ್ಟ್ರು ಕೇಳಿದರು.

"ಹನ್ನೊಂದು. ಅದರಲ್ಲಿ ಮೂರು ಸಲ ನಮ್ಮಮ್ಮನೇ."

ನಾಣಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪದ್ದಕ್ಕ ಮುಂದೆ ಬಾಗಿ ಗುಂಡನ ಮೊಬೈಲನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಆ ಟ್ಯಾಂಕರಿನೋನ ನಂಬರ್ ಇಸ್ಕೊಂಡ್ಯೇನೋ? ನಮ್ಮ ಬೀದೀಲಿ ಎರಡು ದಿನದಿಂದ ನೀರಿಲ್ಲ."