1929ರ ಸರಣಿಯ ಹತ್ತು ಡಾಲರ್ ನ್ಯಾಷನಲ್ ಬ್ಯಾಂಕ್ ನೋಟಿಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ (ಅಯೋವಾ ನಿವಾಸಿ)

ನಮಸ್ಕಾರ. ಇಲ್ಲಿನ ಹಳೆಯ ಸಾಮಾನುಗಳ ಹರಾಜಿನಲ್ಲಿ ನನಗೆ 1929ರ ಸರಣಿಯ ಹತ್ತು ಡಾಲರ್ ನೋಟೊಂದು ದೊರೆತಿದೆ. ಹ್ಯಾಮಿಲ್ಟನ್ ಅವರ ಚಿತ್ರ, ಕಂದು ಮುದ್ರೆ, ಮೇಲೆ ‘ನ್ಯಾಷನಲ್ ಕರೆನ್ಸಿ’ ಎಂಬ ಶೀರ್ಷಿಕೆ, ಎಡಕ್ಕೆ ಅಯೋವಾದ ಸಣ್ಣ ಊರೊಂದರ ಬ್ಯಾಂಕಿನ ಹೆಸರು ಇವೆ. ಇದು ಯಾವ ಬಗೆಯದು, ಬೆಲೆ ಎಷ್ಟಿರಬಹುದು? ನಡುವಿನ ಮಡಿಕೆಯನ್ನು ಇಸ್ತ್ರಿ ಮಾಡಿ ತೆಗೆಯಬಹುದೇ?

ನೋಟುಸಂಗ್ರಾಹಕ

ದಯವಿಟ್ಟು ಇಸ್ತ್ರಿ ಮಾಡಬೇಡಿ, ತೊಳೆಯಲೂ ಬೇಡಿ. ಕಾಗದದ ಸಹಜ ಮೈ ಹಾಳಾದರೆ ಅದನ್ನು ಮರಳಿ ತರಲಾಗದು, ಅನುಭವಿಗಳ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ.

1929ರ ಸರಣಿಯ ಹೆಸರಿನಲ್ಲೇ 1933ರಲ್ಲಿ ಫೆಡರಲ್ ರಿಸರ್ವ್ ಬ್ಯಾಂಕ್ ನೋಟುಗಳೂ ಇದೇ ಶೀರ್ಷಿಕೆ, ಇದೇ ಕಂದು ಮುದ್ರೆಯೊಂದಿಗೆ ಅಚ್ಚಾದವು. ಆದರೆ ಅವುಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಹನ್ನೆರಡು ಫೆಡರಲ್ ರಿಸರ್ವ್ ಬ್ಯಾಂಕುಗಳಲ್ಲೊಂದರ ಹೆಸರು ಇರುತ್ತದೆ. ಊರಿನ ಬ್ಯಾಂಕಿನ ಹೆಸರಿರುವ ನಿಮ್ಮದು ನ್ಯಾಷನಲ್ ಬ್ಯಾಂಕ್ ನೋಟು. ಇನ್ನು ಚಾರ್ಟರ್ ಸಂಖ್ಯೆಯನ್ನು, ಅಂದರೆ ಸರ್ಕಾರ ಆ ಬ್ಯಾಂಕಿಗೆ ಪರವಾನಗಿಯೊಂದಿಗೆ ಕೊಟ್ಟ ಸಂಖ್ಯೆಯನ್ನು, ನೋಡಿ. ಅದು ಎರಡು ಬದಿಗಳಲ್ಲಿ ಲಂಬವಾಗಿ ಕಪ್ಪು ಶಾಯಿಯಲ್ಲಿ ಮಾತ್ರ ಇದ್ದರೆ ಮೊದಲನೆಯ ಬಗೆ. ಕ್ರಮಸಂಖ್ಯೆಗಳ ಪಕ್ಕದಲ್ಲಿ ಕಂದು ಬಣ್ಣದಲ್ಲೂ ಇದ್ದರೆ, 1933ರಿಂದ 1935ರವರೆಗೆ ಹೊರಬಂದ ಎರಡನೆಯ ಬಗೆ.

ಅಯೋವಾ ನಿವಾಸಿ

ಕಂದು ಚಾರ್ಟರ್ ಸಂಖ್ಯೆ ಇಲ್ಲ. ಕ್ರಮಸಂಖ್ಯೆ ‘ಸಿ’ಯಿಂದ ಆರಂಭವಾಗಿ ‘ಎ’ಯಲ್ಲಿ ಮುಗಿಯುತ್ತದೆ.

ನೋಟುಸಂಗ್ರಾಹಕ

ಹಾಗಾದರೆ ಮೊದಲನೆಯ ಬಗೆಯೇ. ಆರು ನೋಟುಗಳ ಒಂದು ಹಾಳೆಗೆ ಒಂದೇ ಸಂಖ್ಯೆ ಕೊಟ್ಟು, ‘ಎ’ಯಿಂದ ‘ಎಫ್’ವರೆಗಿನ ಮೊದಲಕ್ಷರದಿಂದ ಅವುಗಳನ್ನು ಬೇರ್ಪಡಿಸುತ್ತಿದ್ದರು, ನಿಮ್ಮದು ಹಾಳೆಯ ಮೂರನೆಯ ನೋಟು.

ಹಳೆಯ ಹಣ

ಬೆಲೆಯ ವಿಚಾರದಲ್ಲಿ ವಯಸ್ಸಿಗಿಂತ ಬ್ಯಾಂಕೇ ಮುಖ್ಯವೆಂಬುದನ್ನು ಹೊಸಬರು ಬೇಗ ಅರಿತುಕೊಳ್ಳಬೇಕು. 1863ರಿಂದ 1935ರವರೆಗೆ ಸಾವಿರಾರು ಬ್ಯಾಂಕುಗಳು, ಅಮೆರಿಕದ ಖಜಾನೆಯಲ್ಲಿ ಸರ್ಕಾರಿ ಬಾಂಡುಗಳನ್ನು ಒತ್ತೆಯಿಟ್ಟು, ಈ ನೋಟುಗಳನ್ನು ಹೊರಡಿಸಿದವು. ಸ್ಯಾನ್ ಫ್ರಾನ್ಸಿಸ್ಕೋ, ನ್ಯೂಯಾರ್ಕ್‌ಗಳ ದೊಡ್ಡ ಬ್ಯಾಂಕುಗಳ ನೋಟುಗಳು ಹೇರಳವಾಗಿ ಉಳಿದಿವೆ. ಒಂದೆರಡು ನೋಟುಗಳಷ್ಟೇ ಉಳಿದಿರುವ ಸಣ್ಣ ಊರಿನ ಬ್ಯಾಂಕಿನದಾದರೆ, ಮಡಿಕೆ ಬಿದ್ದಿದ್ದರೂ ಅದಕ್ಕೆ ಹಲವು ಪಟ್ಟು ಹೆಚ್ಚು ಬೆಲೆ ಬರುತ್ತದೆ, ಏಕೆಂದರೆ ಆ ಊರಿನ ನೋಟು ಬೇಕೆನ್ನುವವರಿಗೆ ಬೇರೆ ಆಯ್ಕೆಯೇ ಇರುವುದಿಲ್ಲ. ಆದುದರಿಂದ ಬ್ಯಾಂಕಿನ ಹೆಸರನ್ನೂ ಚಾರ್ಟರ್ ಸಂಖ್ಯೆಯನ್ನೂ ಉಳಿದಿರುವ ನೋಟುಗಳ ಬಗ್ಗೆ ಸಂಗ್ರಾಹಕರು ಸಿದ್ಧಪಡಿಸಿರುವ ಗಣತಿಯೊಂದಿಗೆ ಹೋಲಿಸಿ. ಎರಡೂ ತಾಳೆಯಾಗದಿದ್ದರೆ ನೋಟನ್ನೇ ಸಂಶಯಿಸಬೇಕು. ಬೆಲೆಗೆ ಮಾರಾಟಗಾರರು ಕೇಳುವ ಮೊತ್ತವನ್ನಲ್ಲ, ಅದೇ ಬ್ಯಾಂಕಿನ ನೋಟುಗಳು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತವನ್ನು ನೋಡಿ. ನೋಟು ಅಪರೂಪದ್ದೆಂದು ತಿಳಿದರೆ ಮಾತ್ರ ನೋಟುಗಳ ಅಸಲಿತನ, ಸ್ಥಿತಿಗಳನ್ನು ಪರೀಕ್ಷಿಸುವ ಪಿಎಂಜಿಯಂತಹ (ಪೇಪರ್ ಮನಿ ಗ್ಯಾರಂಟಿ) ಸಂಸ್ಥೆಯಿಂದ ಅದರ ಸ್ಥಿತಿಯ ಶ್ರೇಣಿ ನಿರ್ಧರಿಸಿಕೊಳ್ಳಿ. ಸಾಧಾರಣ ನೋಟಿಗೆ ಆ ಶುಲ್ಕ ದುಬಾರಿಯಾಗುತ್ತದೆ.