560001 ಒಡೆಯುವ ಬಗೆ

ಪ್ರಶ್ನೆ (ಬಸವನಗುಡಿಯ ಪೋಷಕರು): ನಮಸ್ಕಾರ ಮೇಡಂ. ಎಂಟನೇ ತರಗತಿಯ ನನ್ನ ಮಗಳೊಂದಿಗೆ ಬೆಂಗಳೂರಿನ ಪ್ರಧಾನ ಅಂಚೆ ಕಚೇರಿ ಜಿಪಿಓಗೆ ಹೋಗಿದ್ದೆ. ಅಂದಿನಿಂದ ಅದರ ಪಿನ್‌ಕೋಡ್ 560001 ಅವಳ ತಲೆಯಲ್ಲಿ ಕುಳಿತಿದೆ. 3ರಿಂದಲೂ 13ರಿಂದಲೂ ಭಾಗಿಸಿ 14359ಕ್ಕೆ ಬಂದಿದ್ದಾಳೆ. 47ರವರೆಗಿನ ಅವಿಭಾಜ್ಯಗಳಿಂದ ನೋಡಿ, ಯಾವುದರಿಂದಲೂ ಶೇಷವಿಲ್ಲದೆ ಹೋಗದ ಕಾರಣ ಇದೂ ಅವಿಭಾಜ್ಯವೇ ಎನ್ನುತ್ತಾಳೆ. ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದಾಳೆ. ಅವಳು ಹೇಳುವುದು ಸರಿಯೇ?

ಉತ್ತರ (ನಿವೃತ್ತ ಗಣಿತ ಉಪನ್ಯಾಸಕಿ): ಆ ಹಟ ಬಿಡಿಸಬೇಡಿ, ದಯವಿಟ್ಟು. 13 ಸಿಕ್ಕಿದ್ದೇ ದೊಡ್ಡದು. ಅದಕ್ಕೊಂದು ಅಡ್ಡದಾರಿಯೂ ಇದೆ: 1001 ಎಂದರೆ 7×11×13. ಹಾಗಾಗಿ ಕೊನೆಯ ಮೂರು ಅಂಕಿಗಳನ್ನು ಬೇರ್ಪಡಿಸಿ ಕಳೆಯಬೇಕು. 560ರಿಂದ 1 ಕಳೆದರೆ 559, ಅದು 13×43. ಆದ್ದರಿಂದ 560001ನ್ನು 13 ಭಾಗಿಸುತ್ತದೆ, 7 ಮತ್ತು 11 ಭಾಗಿಸುವುದಿಲ್ಲ.

ಆದರೆ 47ಕ್ಕೆ ನಿಂತದ್ದು ಅವಸರವಾಯಿತು. 14359ರ ವರ್ಗಮೂಲ 120ಕ್ಕೆ ತುಸು ಕಡಿಮೆ, ಆದ್ದರಿಂದ 113ರವರೆಗೂ ನೋಡಲೇಬೇಕು. ಇನ್ನು ಎಂಟು ಅವಿಭಾಜ್ಯಗಳನ್ನು ದಾಟಿದ್ದರೆ 83 ಸಿಗುತ್ತಿತ್ತು.

ನನಗೆ ಇದಕ್ಕಿಂತ ಇಷ್ಟವಾದ ದಾರಿ 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನದು. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ ಅದು ತಾನೇ ಒಡೆದುಕೊಳ್ಳುತ್ತದೆ: a² − b² = (a − b)(a + b). 120ರ ವರ್ಗ 14400. ಅದರಿಂದ 14359 ಕಳೆದರೆ 41, ಪೂರ್ಣವರ್ಗವಲ್ಲ. 121ಕ್ಕೆ 282, 122ಕ್ಕೆ 525. ಹೀಗೆ ತಾಳ್ಮೆಯಿಂದ ಹೋಗಿ 128ಕ್ಕೆ ಬಂದರೆ 16384 − 14359 = 2025, ಅಂದರೆ 45ರ ವರ್ಗ! 128 − 45 = 83, 128 + 45 = 173. ಪೂರ್ಣ ಉತ್ತರ 3×13×83×173. ಆ 2025 ಕಾಣಿಸಿಕೊಳ್ಳುವ ಕ್ಷಣವನ್ನು ಮಗು ತನ್ನ ಕೈಯಾರೆ ಕಾಣಬೇಕು. ನೀವು ಮೊದಲೇ ಹೇಳಬೇಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಪಕ್ಕದ 560000 ಕೂಡ ಹೀಗೆಯೇ ಕಾಡುತ್ತದೆಯೇ ಮೇಡಂ? ದೊಡ್ಡ ಸಂಖ್ಯೆಗಳನ್ನು ಒಡೆಯುವುದರಿಂದ ಉಪಯೋಗವೇನು?

ಉತ್ತರ: ಇಲ್ಲ, ಅದು ಸೌಮ್ಯ ಸಂಖ್ಯೆ. 2ರ ಏಳನೇ ಘಾತ, 5ರ ನಾಲ್ಕನೇ ಘಾತ, ಒಂದು 7. ಅದಕ್ಕೆ 80 ಭಾಜಕಗಳು, 560001ಕ್ಕೆ 16 ಮಾತ್ರ. ಅಕ್ಕಪಕ್ಕದಲ್ಲಿದ್ದರೂ ಇವೆರಡಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲ.

ಉಪಯೋಗ ಕೇಳಿದಿರಿ. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ರೂಪಿಸಿದ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದೇ ಒಡೆಯುವ ಈ ಕಷ್ಟದ ಮೇಲೆ. 2048 ಬಿಟ್‌ಗಳ ಕೀಲಿ ಎಂದರೆ 617 ಅಂಕಿಗಳ ಸಂಖ್ಯೆ. ಅದನ್ನು ಕಟ್ಟುವ ಎರಡು ಅವಿಭಾಜ್ಯಗಳು ತೀರ ಹತ್ತಿರವಿದ್ದರೆ ಫರ್ಮಾನ ದಾರಿಯಲ್ಲೇ ಸಿಕ್ಕಿಬೀಳುತ್ತವೆ; ಅದಕ್ಕೇ ದೂರವಿರುವಂತೆ ಆರಿಸುತ್ತಾರೆ.

ಪ್ರಶ್ನೆ (ಮೊದಲಿನ ಪೋಷಕರು): ಮೇಡಂ, ಒಂಬತ್ತನೇ ಪ್ರಯತ್ನಕ್ಕೆ 45 ಕಂಡು ಕುಣಿದಳು! ಈಗ ನಮ್ಮ ಬಸವನಗುಡಿಯ 560004 ಹಿಡಿದು 2×2×3×23×2029 ಎಂದು ಬರೆದಿದ್ದಾಳೆ. ಇಲ್ಲಿ ಎಲ್ಲಿಯವರೆಗೆ ನೋಡಬೇಕು?

ಉತ್ತರ: 2029 ಅದೇ 2025ರ ಪಕ್ಕದ್ದಲ್ಲವೇ? ವರ್ಗಮೂಲ 45ರ ಆಚೆ ಕೂದಲೆಳೆಯಷ್ಟು. 43ರವರೆಗೆ ಸಾಕು. ಈ ಸಲ ಅವಳು ಹೇಳಿದ್ದು ಸರಿ, 2029 ಅವಿಭಾಜ್ಯ.